ಗೋಡೆಗೆ ಗೋಡೆ ಅಂಟಿದ ಮನೆಗಳು

ಪ್ರಶ್ನೆ: ತೀರ್ಥಹಳ್ಳಿ ಕಡೆ ಬೆಳೆದ ನನಗೆ, ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗಳು ಒತ್ತೊತ್ತಾಗಿರುವುದು ಸೋಜಿಗವೆನಿಸುತ್ತದೆ. ಕಾರಣವೇನು?

ಉತ್ತರ: ಮುಖ್ಯವಾಗಿ ನೀರು. ಮಲೆನಾಡಿನಲ್ಲಿ ಕಣಿವೆಗೊಂದು ಹಳ್ಳ ಹರಿಯುವುದರಿಂದ ಪ್ರತಿ ಕುಟುಂಬವೂ ತನ್ನ ತೋಟದ ಅಂಚಿನಲ್ಲೇ ನೆಲೆಸಬಹುದಾಗಿತ್ತು. ಬಯಲುಸೀಮೆಯಲ್ಲಾದರೋ ಒಂದು ಕೆರೆ ಅಥವಾ ಬಾವಿಯ ಸುತ್ತ ಊರೆಲ್ಲ ಸೇರಬೇಕಾಯಿತು. ಕಳ್ಳಕಾಕರ ಭಯವೂ ಇತ್ತೆನ್ನಿ.

ಮಳೆ ಕಡಿಮೆಯಾದ್ದರಿಂದ ಅಲ್ಲಿ ಇಳಿಜಾರು ಹೆಂಚಿನ ಬದಲು, ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆಯೇ ಸಾಕು. ನೆರೆಮನೆಯ ಗೋಡೆ ತಾಗಿಕೊಂಡಿದ್ದರೆ ಬಿಸಿಲು ತಟ್ಟುವ ಭಾಗ ಕಡಿಮೆಯಾಗುತ್ತದೆ. ಆದರೆ ಕಿಟಕಿಗೆ ಜಾಗವಿರುವುದಿಲ್ಲ. ಹಾಗಾಗಿ ಮಾಳಿಗೆಯಲ್ಲಿ ಬೆಳಕಿಂಡಿ ತೆರೆದು, ಮಳೆ ಬಂದಾಗ ಓಡಿಹೋಗಿ ಅದನ್ನು ಮುಚ್ಚುತ್ತಾರೆ. ಪಕ್ಕದ ಮನೆಯ ಜಗಳ ಕೇಳಿಸುವುದಕ್ಕೆ ಮಾತ್ರ ಮುಚ್ಚಳವಿಲ್ಲ.