ಒಳಗೆ ಯಾರೋ ಇದ್ದಾರೆ ಅಂತ ಮೊದಲು ಗೊತ್ತಾಗಬೇಕಾದ್ದು ಯಾರಿಗೆ?

ನೀವು ಫೋನಲ್ಲಿ ತೆಗೆದ ಕಿರುಚಿತ್ರದಲ್ಲಿ ಹುಡುಗಿ ಸಂಜೆ ಮನೆಗೆ ಬರ್ತಾಳೆ, ಒಳಗೆ ಆಗಲೇ ಒಬ್ಬ ಅಡಗಿದ್ದಾನೆ, 22 ಶಾಟ್ ಹಾಕಿದ್ರೂ ನೋಡಿದವರಿಗೆ ಏನೂ ಅನ್ನಿಸಲಿಲ್ಲ ಅಂತ ಕೇಳಿದ್ದೀರಿ. ನಿಮ್ಮ ಶಾಟ್ ಪಟ್ಟಿಯಲ್ಲೇ ಕಾರಣ ಇದೆ. ಅವನು ಇರೋದು ಹುಡುಗಿಗೂ ಪ್ರೇಕ್ಷಕರಿಗೂ ಒಟ್ಟಿಗೇ, 18ನೇ ಶಾಟಿನಲ್ಲಿ ಗೊತ್ತಾಗುತ್ತೆ. ಸಸ್ಪೆನ್ಸ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಹೇಳ್ತಿದ್ದ ಮೇಜಿನ ಕೆಳಗಿನ ಬಾಂಬಿನ ಲೆಕ್ಕ ಇದೇ: ಬಾಂಬ್ ಇರೋದು ನೋಡೋರಿಗೆ ಮೊದಲೇ ಗೊತ್ತಿಲ್ಲದಿದ್ರೆ ಅದು ಸಿಡಿದಾಗ 15 ಸೆಕೆಂಡು ಬೆಚ್ಚಿಬೀಳ್ತಾರೆ, ಗೊತ್ತಿದ್ರೆ 15 ನಿಮಿಷ ತಳಮಳಿಸ್ತಾರೆ.

ಹಾಗಾಗಿ ಹೊಸ್ತಿಲಿಂದ ಶುರು ಮಾಡಿ. ಬಾಗಿಲ ಹೊರಗೆ ಕೆಸರು ಮೆತ್ತಿದ ಗಂಡಸಿನ ಚಪ್ಪಲಿ, ನೆಲಮಟ್ಟದ ಕ್ಲೋಸಪ್, 4 ಸೆಕೆಂಡು. ಅದೇ ಫ್ರೇಮಿನೊಳಗೆ ಹುಡುಗಿಯ ಕಾಲು ಬರಲಿ, ತನ್ನ ಚಪ್ಪಲಿ ಪಕ್ಕದಲ್ಲೇ ಬಿಟ್ಟು ಒಳಗೆ ಹೋಗಲಿ. ಫೋನ್ ನೋಡ್ಕೊಂಡೇ ಹೋಗಲಿ, ಗಮನಿಸದಿರೋಕೆ ಒಂದು ನೆಪ ಬೇಕಲ್ಲ.

ಒಳಗೆ ಮಿಡ್ ಶಾಟ್, ಅಂದ್ರೆ ಸೊಂಟದಿಂದ ಮೇಲೆ ಕಾಣೋ ಹಾಗೆ. ಅವಳನ್ನು ಫ್ರೇಮಿನ ಬಲಕ್ಕೆ ನಿಲ್ಲಿಸಿ, ಎಡಗಡೆ ಅರ್ಧ ತೆರೆದ ರೂಮಿನ ಬಾಗಿಲು ಮಾತ್ರ ಇರಲಿ. 8 ಸೆಕೆಂಡು ಕಟ್ ಮಾಡಬೇಡಿ. ಖಾಲಿ ಜಾಗ ಇದ್ರೆ ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತೆ. ಎರಡು ಶಾಟ್ ಆದ ಮೇಲೆ ಅದೇ ಕೋನಕ್ಕೆ ವಾಪಸ್ ಬನ್ನಿ, ಆಗ ಬಾಗಿಲು ಮುಚ್ಚಿರಲಿ. ಕೋನ ಕೂದಲೆಳೆಯಷ್ಟು ಬದಲಾದ್ರೂ ಈ ಆಟ ಕೆಡುತ್ತೆ. ಟ್ರೈಪಾಡಿನ ಮೂರೂ ಕಾಲಿಗೆ ನೆಲದಲ್ಲಿ ಟೇಪ್ ಗುರುತು ಹಾಕಿ, ಪರದೆ ಮೇಲೆ ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಮಟ್ಟ) ಎರಡೂ ಲಾಕ್ ಮಾಡಿ. ಇಲ್ಲದಿದ್ರೆ ಅವಳು ಅಲುಗಾಡಿದಾಗೆಲ್ಲ ಗೋಡೆ ಬೆಳ್ಳಗಾಗಿ ಕಪ್ಪಾಗುತ್ತೆ.

ಅವಳು ಶಬ್ದ ಕೇಳಿ ತಿರುಗುವಾಗ ಮುಖ ಮೊದಲು, ಅವಳು ಕಂಡದ್ದು ಆಮೇಲೆ. ನಡುವೆ 3 ಸೆಕೆಂಡು ಮುಖದ ಮೇಲೇ ನಿಲ್ಲಿ. ಅವಳು ಎಡಕ್ಕೆ ನೋಡಿದ್ರೆ ಮುಂದಿನ ಶಾಟಲ್ಲೂ ಬಾಗಿಲು ಆ ಕಡೆಯೇ ಇರಬೇಕು. ನಿಮ್ಮ ಕ್ಯಾಮೆರಾ ಸೋಫಾದ ಆಚೆ ಬದಿಗೆ ದಾಟಿದ್ದರಿಂದ ಅವಳು ಕಿಟಕಿಗೆ ಹೆದರಿದ ಹಾಗೆ ಕಾಣ್ತಿದೆ.

ಮುಖದ ಹತ್ತಿರ ಹೋಗೋಕೆ ಜೂಮ್ ಬೇಡ, ಕ್ಯಾಮೆರಾನೇ ಸರಿಸಿ. ಜೂಮ್ ಮಾಡಿದ್ರೆ ಚಿತ್ರ ಹಿಗ್ಗುತ್ತೆ ಅಷ್ಟೇ, ಹಿಂದಿನ ಗೋಡೆ ಸರಿಯೋದಿಲ್ಲ. ಕ್ಯಾಮೆರಾ ಜಾರಿಸೋ ಹಳಿ (ಸ್ಲೈಡರ್) ಇಲ್ಲದಿದ್ರೆ ಸ್ಟೂಲಿನ ಕೆಳಗೆ ಮಡಿಚಿದ ಬೆಡ್‌ಶೀಟ್ ಹಾಕಿ, ಸ್ಟೂಲಿನ ಮೇಲೆ ಫೋನ್ ಕಟ್ಟಿ, ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಎಳೀರಿ: 2 ಅಡಿಗೆ 12 ಸೆಕೆಂಡು. ಶುರುವಿನ ಜಗ್ಗು, ಕೊನೆಯ ಜಗ್ಗು ಎಡಿಟಿಂಗಲ್ಲಿ ಕತ್ತರಿಸಿ. ನಿಮ್ಮ ಪಟ್ಟಿಯಲ್ಲಿ ಕ್ಯಾಮೆರಾ ವಾಲಿಸಿದ್ದು ಆರು ಕಡೆ ಇದೆ. ಒಂದು ಸಾಕು, ಅದೂ ಬೇಕಿದ್ರೆ.

ಟ್ಯೂಬ್‌ಲೈಟ್ ಮಿಣುಕೋದಕ್ಕೆ ಶಟರ್, ಅಂದ್ರೆ ಒಂದೊಂದು ಫ್ರೇಮಿಗೆ ಬೆಳಕು ಬೀಳೋ ಹೊತ್ತು, ಕಾರಣ. ನಮ್ಮ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು ಇಡಿ. ಫೋನಲ್ಲಿ 30 ಫ್ರೇಮ್ ಮಾತ್ರ ಇದ್ರೂ ಶಟರ್ 1/50 ಇರಲಿ, 1/60 ಬೇಡ. ದೀಪ ಎಲ್ಲ ಆರಿಸಿ ಐಎಸ್ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸೋ ಸೆಟ್ಟಿಂಗ್) ಏರಿಸಿದ್ರೆ ಬರೀ ಕಾಳು ಕಾಳು ಬರುತ್ತೆ. ಅಡುಗೆಮನೆಯ ಒಂದು ಲೈಟು ಉಳಿಸಿ, ಅದು ಅವಳ ಬೆನ್ನ ಹಿಂದೆ ಬೀಳಲಿ.

ಮ್ಯೂಸಿಕ್ ತೆಗೆದು ಒಮ್ಮೆ ನೋಡಿ. ಖಾಲಿ ಮನೆಯ ಸದ್ದು 30 ಸೆಕೆಂಡು ಬೇರೆಯಾಗಿ ರೆಕಾರ್ಡ್ ಮಾಡಿ, ಕಟ್‌ಗಳ ಕೆಳಗೆ ಹಾಸಿ. ಆಗ ಫ್ಯಾನು, ಫ್ರಿಜ್ ಎರಡೂ ಆಫ್ ಇರಬೇಕು. ಬೈಕಿನ ಕೀ ಫ್ರಿಜ್ ಒಳಗೆ ಇಟ್ಟುಬಿಡಿ, ಹೊರಡುವಾಗ ಮತ್ತೆ ಆನ್ ಮಾಡೋದು ಮರೆಯೋದಿಲ್ಲ.