ಯುಗಾದಿ ರಜೆಯ ಮೂರು ದಿನಕ್ಕೆ ಮಲೆನಾಡು

ಯುಗಾದಿ ರಜೆಯ ಮೂರು ದಿನಗಳಲ್ಲಿ ವಯಸ್ಸಾದ ತಂದೆತಾಯಿಯರೊಡನೆ ಜೋಗ, ಕೊಡಚಾದ್ರಿ, ಆಗುಂಬೆ ಮೂರನ್ನೂ ನೋಡಬಹುದೇ ಎಂದು ಕೇಳಿದ್ದೀರಿ. ನೋಡಬಹುದು, ಆದರೆ ರಜೆಯ ಬಹುಪಾಲು ವಾಹನದಲ್ಲಿಯೇ ಕಳೆದುಹೋಗುತ್ತದೆ. ಶರಾವತಿಯ ನೀರನ್ನು ಲಿಂಗನಮಕ್ಕಿ ಅಣೆಕಟ್ಟು ಹಿಡಿದಿಡುವುದರಿಂದ ಬೇಸಿಗೆಯ ಹೊತ್ತಿಗೆ ಜೋಗ ಸೊರಗಿರುತ್ತದೆ. ಅದನ್ನು ಮಳೆಗಾಲಕ್ಕೆ ಉಳಿಸಿಕೊಳ್ಳಿ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಹೋಗುವ ಜೀಪಿನ ಕುಲುಕಾಟ ಹಿರಿಯರ ಬೆನ್ನಿಗೆ ಹಿತವಲ್ಲ.

ನನ್ನ ಅಭಿಪ್ರಾಯದಲ್ಲಿ ತೀರ್ಥಹಳ್ಳಿಯಲ್ಲಿ ತಂಗಿ, ಒಂದು ದಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯಾದ ಕವಿಮನೆಯನ್ನೂ ಹತ್ತಿರದ ಗುಡ್ಡವಾದ ಕವಿಶೈಲವನ್ನೂ ನಿಧಾನವಾಗಿ ನೋಡಿ, ಮರುದಿನ ಬೆಳಿಗ್ಗೆ ಶೃಂಗೇರಿಗೆ ಹೋಗಿ, ಹಿಂತಿರುಗುವಾಗ ಆಗುಂಬೆಯ ಸೂರ್ಯಾಸ್ತಕ್ಕೆ ನಿಲ್ಲುವುದು ಉತ್ತಮ. ಆ ತಾಣ ಘಾಟಿಯ ಮೇಲ್ಭಾಗದಲ್ಲಿಯೇ ಇರುವುದರಿಂದ, ತಿರುವುಗಳಲ್ಲಿ ತಲೆಸುತ್ತುವ ನಿಮ್ಮ ತಾಯಿಯವರು ಕೆಳಗಿನವರೆಗೆ ಇಳಿಯಬೇಕಾಗಿಲ್ಲ. ದಿಗಂತ ಮಬ್ಬಾಗಿರದಿದ್ದರೆ ಅರಬ್ಬಿ ಸಮುದ್ರವೂ ಕಾಣುತ್ತದೆ.