ದೂರದ ಗುಚ್ಛಗಳ ಗೆಲಾಕ್ಸಿಗಳು ತಿರುಗುತ್ತವೆಯೇ, ಬದಲಾಗುತ್ತವೆಯೇ?

ನೀವು ಕೇಳಿರುವುದು ಎರಡು ಸಂಗತಿ: ದೂರದ ಗುಚ್ಛಗಳಲ್ಲಿ, ಅಂದರೆ ಗುರುತ್ವದಿಂದ ಒಟ್ಟಾಗಿರುವ ದೊಡ್ಡ ಗುಂಪುಗಳಲ್ಲಿ, ಇರುವ ಗೆಲಾಕ್ಸಿಗಳೂ ನಮ್ಮ ಆಕಾಶಗಂಗೆಯಂತೆ ತಿರುಗುತ್ತವೆಯೇ, ಮತ್ತು ಒಂದು ಸುತ್ತಿಗೇ ಕೋಟಿಗಟ್ಟಲೆ ವರ್ಷ ಹಿಡಿಯುವಾಗ ಅವು ಬದಲಾಗುವುದನ್ನು ಕಂಡವರು ಯಾರು? ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ಮಕ್ಕಳೂ ನನ್ನನ್ನು ಇದನ್ನೇ ಕೇಳುತ್ತಿದ್ದರು.

ತಿರುಗುತ್ತವೆ. ಆದರೆ ಸೂರ್ಯನಿಗೇ ಆಕಾಶಗಂಗೆಯ ಕೇಂದ್ರವನ್ನು ಒಮ್ಮೆ ಸುತ್ತಲು ಸುಮಾರು 23 ಕೋಟಿ ವರ್ಷ ಬೇಕಾಗಿರುವುದರಿಂದ, ಆ ತಿರುಗಾಟವನ್ನು ಕಣ್ಣಾರೆ ಕಂಡವರಿಲ್ಲ. ಅದನ್ನು ಬೆಳಕಿನ ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಯಲ್ಲಿ, ಓದಬೇಕು. ತಟ್ಟೆಯಂಥ ಗೆಲಾಕ್ಸಿಯೊಂದರ ಉದ್ದಕ್ಕೆ ರೋಹಿತದರ್ಶಕದ ಸೀಳುಗಂಡಿಯನ್ನು ಹೊಂದಿಸಿದರೆ, ನಮ್ಮತ್ತ ಬರುವ ಅಂಚಿನಲ್ಲಿ ಹೈಡ್ರೋಜನ್ನಿನ ರೇಖೆ ನೀಲಿಯ ಕಡೆಗೂ ದೂರ ಸರಿಯುವ ಅಂಚಿನಲ್ಲಿ ಕೆಂಪಿನ ಕಡೆಗೂ ಜರುಗಿ, ನೆಟ್ಟಗಿರಬೇಕಾದ ರೇಖೆ ಓರೆಯಾಗುತ್ತದೆ. ಕರಿಹಲಗೆಯ ಮೇಲೆ ಆ ಓರೆಯನ್ನು ನಾನು ಬೇಕೆಂದೇ ದೊಡ್ಡದು ಮಾಡಿ ಬರೆಯುತ್ತಿದ್ದೆ. ಸೆಕೆಂಡಿಗೆ 200 ಕಿ.ಮೀ. ವೇಗವಿದ್ದರೂ 656.3 ನ್ಯಾನೊಮೀಟರ್ ತರಂಗಾಂತರದ ಆ ರೇಖೆ ನಿಜದಲ್ಲಿ ಅರ್ಧ ನ್ಯಾನೊಮೀಟರಿನಷ್ಟೂ ಜರುಗುವುದಿಲ್ಲ.

ಇನ್ನು ಬದಲಾವಣೆ. ಒಂದೇ ಗೆಲಾಕ್ಸಿಯನ್ನು ಕಾಯುತ್ತಾ ಕೂರುವ ಅಗತ್ಯವಿಲ್ಲ, ಏಕೆಂದರೆ ದೂರ ನೋಡಿದಷ್ಟೂ ಹಳೆಯ ಕಾಲವೇ ಕಾಣುತ್ತದೆ. 1978ರಲ್ಲಿ ಖಗೋಳವಿಜ್ಞಾನಿಗಳಾದ ಬುಚರ್ ಮತ್ತು ಓಮ್ಲರ್, ಬೆಳಕು ಹೊರಟು 400–500 ಕೋಟಿ ವರ್ಷಗಳಾಗಿರುವ ಎರಡು ಗುಚ್ಛಗಳಲ್ಲಿ, ಹೊಸ ನಕ್ಷತ್ರಗಳನ್ನು ಹೆರುವ ನೀಲಿ ಗೆಲಾಕ್ಸಿಗಳು ಸಾಕಷ್ಟಿರುವುದನ್ನು ಗುರುತಿಸಿದರು. ನಮಗೆ ಹತ್ತಿರದ, ಸುಮಾರು 32 ಕೋಟಿ ಜ್ಯೋತಿರ್ವರ್ಷ ದೂರದ ಕೋಮಾ ಗುಚ್ಛದ ನಡುಭಾಗದಲ್ಲಿ ಹೆಚ್ಚಿನವು ಹೊಸ ನಕ್ಷತ್ರ ಹುಟ್ಟುವುದು ನಿಂತು ಕೆಂಪಾದ ದೀರ್ಘವೃತ್ತ ಇಲ್ಲವೇ ಮಸೂರಾಕಾರದ ಗೆಲಾಕ್ಸಿಗಳು.

ಈ ಮುಪ್ಪಿಗೆ ಮುಖ್ಯ ಕಾರಣಗಳಲ್ಲೊಂದು ಗುಚ್ಛದೊಳಗೆ ತುಂಬಿರುವ, ಕೋಟಿ ಡಿಗ್ರಿಗಳಷ್ಟು ಬಿಸಿಯಾದ ತೆಳು ಅನಿಲ. ಗಾಳಿಯಿಲ್ಲದ ಮಧ್ಯಾಹ್ನ ಕುಂಬಳೆಯ ದಾರಿಯಲ್ಲಿ ಬೈಕು ಓಡಿಸಿದರೂ ಹೆಗಲ ಬೈರಾಸು (ಟವೆಲು) ಹಾರಿಹೋಗುತ್ತದಲ್ಲ, ಹಾಗೆಯೇ ಸೆಕೆಂಡಿಗೆ ಸಾವಿರ ಕಿ.ಮೀ. ವೇಗದಲ್ಲಿ ಒಳನುಗ್ಗುವ ಗೆಲಾಕ್ಸಿಯಿಂದ, ಹೊಸ ನಕ್ಷತ್ರಗಳು ಹುಟ್ಟಲು ಬೇಕಾದ ತಣ್ಣನೆಯ ಅನಿಲ ಹಿಂದಕ್ಕೆ ಕಿತ್ತುಹೋಗುತ್ತದೆ. ನಕ್ಷತ್ರಗಳು ಮಾತ್ರ ಸವಾರನಂತೆ ಅಲ್ಲಾಡದೆ ಉಳಿಯುತ್ತವೆ. ಗನ್ ಮತ್ತು ಗಾಟ್ ಎಂಬ ಖಗೋಳವಿಜ್ಞಾನಿಗಳು 1972ರಲ್ಲೇ ಇದನ್ನು ಲೆಕ್ಕ ಹಾಕಿದ್ದರು. ನಾರ್ಮಾ ಗುಚ್ಛದ ಇಎಸ್‌ಒ 137-001 ಎಂಬ ಗೆಲಾಕ್ಸಿ ಈಗಲೂ 2 ಲಕ್ಷ ಜ್ಯೋತಿರ್ವರ್ಷಕ್ಕೂ ಉದ್ದದ ಅನಿಲದ ಬಾಲವನ್ನು ಎಳೆದುಕೊಂಡು ಹೋಗುತ್ತಿದೆ. ಗೆಲಾಕ್ಸಿಗಳ ನಡುವಿನ ಢಿಕ್ಕಿಗಳೇ ಎಲ್ಲವನ್ನೂ ಮಾಡುತ್ತವೆ ಎಂಬ ಮಾತು ನನಗೆ ಅಷ್ಟು ಒಪ್ಪಿಗೆಯಾಗಿಲ್ಲ: ಇಷ್ಟು ವೇಗದಲ್ಲಿ ಎದುರಾದವು ಪರಸ್ಪರ ದಾಟಿಹೋಗುವುದೇ ಹೆಚ್ಚು, ವಿಲೀನಗಳು ನಿಧಾನಗತಿಯ ಸಣ್ಣ ಗುಂಪುಗಳಲ್ಲಿ ಸುಲಭ.

ಗಮನಿಸಬೇಕಾದದ್ದೇನೆಂದರೆ, ಅನಿಲ ಹೋದ ಮಾತ್ರಕ್ಕೆ ತಿರುಗಾಟ ನಿಲ್ಲುವುದಿಲ್ಲ. ಮಸೂರಾಕಾರದ ಗೆಲಾಕ್ಸಿಗಳ ತಟ್ಟೆ ಹಾಗೆಯೇ ಸುತ್ತುತ್ತಿರುತ್ತದೆ. ಆದರೆ ಹೈಡ್ರೋಜನ್ನಿನ ಹೊಳೆಯುವ ರೇಖೆ ಅಲ್ಲಿ ಬಹುಮಟ್ಟಿಗೆ ಸಿಗದ ಕಾರಣ, ನಕ್ಷತ್ರಗಳ ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಮಸುಕು ಕಪ್ಪುರೇಖೆಗಳಲ್ಲಿ ಅದೇ ಓರೆಯನ್ನು ಹುಡುಕಬೇಕಾಗುತ್ತದೆ.